ಕಿಸಾನ್ ಕ್ರೆಡಿಟ್ ಕಾರ್ಡ್ ನಿರಾಕರಿಸಿದಾಗ ಸಾಲ ವರದಿಯ ಪರಿಶೀಲನೆ

ಕೊರಟಗೆರೆ ತಾಲ್ಲೂಕಿನ ಬೇಸಾಯ ಬಹುಮಟ್ಟಿಗೆ ಮಳೆಯನ್ನೇ ನಂಬಿಕೊಂಡದ್ದು. ಜಯಮಂಗಲಿ ಮತ್ತು ಸುವರ್ಣಮುಖಿ ಮಳೆಗಾಲದ ನದಿಗಳೇ ಹೊರತು ವರ್ಷವಿಡೀ ನೀರುಣಿಸುವ ನದಿಗಳಲ್ಲ. ಕೊಳವೆ ಬಾವಿ ಇರುವ ಕಡೆ ಅಡಿಕೆ, ತೆಂಗು, ಹೂವು. ಉಳಿದ ಖುಷ್ಕಿ ಜಮೀನಿನಲ್ಲಿ ಕಡಲೆಕಾಯಿ, ರಾಗಿ, ತೊಗರಿ, ಅವರೆ. ಮುಂಗಾರಿನ ಹದ ಬಿದ್ದ ನಾಲ್ಕಾರು ದಿನಗಳಲ್ಲಿ ಬೀಜ, ಗೊಬ್ಬರ, ಉಳುಮೆ, ಆಳಿನ ಕೂಲಿ ಎಲ್ಲಕ್ಕೂ ಒಟ್ಟಿಗೆ ಹಣ ಬೇಕಾಗುತ್ತದೆ. ಅದರಲ್ಲಿಯೂ ಕಡಲೆಕಾಯಿಗೆ ಬಿತ್ತನೆ ಬೀಜದ ಖರ್ಚೇ ಹೆಚ್ಚು. ಬಿತ್ತನೆಗೆ ತಕ್ಕ ಹದವು ಬ್ಯಾಂಕಿನ ಕಡತ ಮುಂದೆ ಸರಿಯುವವರೆಗೆ ಕಾಯುವುದಿಲ್ಲ.

ಈ ಹಣವನ್ನು ಸಕಾಲದಲ್ಲಿ ಒದಗಿಸುವ ಉದ್ದೇಶದಿಂದಲೇ 1998ರಲ್ಲಿ ಕಿಸಾನ್ ಕ್ರೆಡಿಟ್ ಕಾರ್ಡ್ ಯೋಜನೆಯನ್ನು ಜಾರಿಗೆ ತರಲಾಯಿತು. ಬೆಳೆ ಹಾಗೂ ಹಿಡುವಳಿಯ ಆಧಾರದ ಮೇಲೆ ರೈತನಿಗೆ ಒಂದು ಮಿತಿಯನ್ನು ಗೊತ್ತುಮಾಡಿ, ಆ ಮಿತಿಯೊಳಗೆ ಬೇಕಾದಾಗ ಹಣ ತೆಗೆದು, ಬೆಳೆ ಬಂದಾಗ ಕಟ್ಟುವ ಅನುಕೂಲ ಇದರಲ್ಲಿದೆ. 3 ಲಕ್ಷ ರೂಪಾಯಿವರೆಗಿನ ಬೆಳೆ ಸಾಲವನ್ನು ವಾಯಿದೆಯೊಳಗೆ ತೀರಿಸಿದವರಿಗೆ ಸರ್ಕಾರದ ಸಹಾಯಧನವೆಲ್ಲ ಕಳೆದು ಬೀಳುವ ಬಡ್ಡಿ ವರ್ಷಕ್ಕೆ ಶೇ. 4 ಮಾತ್ರ. ಕಾರ್ಡ್ ಸಿಗದ ರೈತ ಬಿತ್ತನೆಯನ್ನು ಬಿಡುವಂತಿಲ್ಲ. ಆದುದರಿಂದ ಕೈಸಾಲಕ್ಕೆ ಹೋಗುತ್ತಾನೆ. ನೂರಕ್ಕೆ ತಿಂಗಳಿಗೆ 3 ರೂಪಾಯಿಯಂತೆ ಒಂದು ಲಕ್ಷ ತಂದರೆ ವರ್ಷದ ಬಡ್ಡಿ 36,000 ರೂಪಾಯಿ. ಅದೇ ಹಣಕ್ಕೆ ಕಾರ್ಡಿನಲ್ಲಿ 4,000 ರೂಪಾಯಿ. ನಡುವಿನ 32,000 ರೂಪಾಯಿ ಎಷ್ಟು ಮೂಟೆ ಕಡಲೆಕಾಯಿಯ ಬೆಲೆ ಎಂಬುದನ್ನು ರೈತನಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಹೀಗಿರುವಲ್ಲಿ, ಬ್ಯಾಂಕಿನ ಕಿಟಕಿಯಲ್ಲಿ “ನಿಮ್ಮ ಸಿಬಿಲ್ ಸರಿ ಇಲ್ಲ ಯಜಮಾನರೇ, ಸಾಲ ಆಗೋದಿಲ್ಲ” ಎಂಬ ಒಂದೇ ಮಾತನ್ನು ಕೇಳಿ “ಆಗಲಿ ಸ್ವಾಮಿ” ಎಂದು ಹಿಂದಿರುಗಿ ಬರುವುದು ಸರಿಯಲ್ಲ. ಆ ಮಾತಿನ ಹಿಂದೆ ಒಂದು ಬರಹದ ದಾಖಲೆ ಇರುತ್ತದೆ. ಆ ದಾಖಲೆಯನ್ನು ನೋಡುವ, ತಪ್ಪಿದ್ದರೆ ತಿದ್ದಿಸುವ ಹಕ್ಕು ರೈತನಿಗೆ ಕಾನೂನಿನಿಂದಲೇ ಬಂದಿದೆ.

ಸಾಲ ವರದಿ ಎಂದರೇನು?

ಜಮೀನಿಗೆ ಪಹಣಿ ಇರುವಂತೆ ಸಾಲ ಪಡೆದ ಮನುಷ್ಯನಿಗೂ ಒಂದು ಪಹಣಿ ಇದೆ ಎಂದು ತಿಳಿಯಬಹುದು. ಯಾವ ಬ್ಯಾಂಕಿನಲ್ಲಿ, ಯಾವ ತಾರೀಖಿನಂದು, ಎಷ್ಟು ಸಾಲ ಪಡೆದದ್ದು, ಕಂತುಗಳನ್ನು ಕಟ್ಟಿದ್ದು ಹೇಗೆ, ಈಗ ಬಾಕಿ ಎಷ್ಟು ಎಂಬುದೆಲ್ಲ ಅದರಲ್ಲಿ ನಮೂದಾಗಿರುತ್ತದೆ. ಇದೇ ಸಾಲ ವರದಿ. ಇದನ್ನು ಇಡುವವರು ಬ್ಯಾಂಕಿನವರಲ್ಲ, ಸಾಲ ಮಾಹಿತಿ ಸಂಸ್ಥೆಗಳು. ನಮ್ಮ ದೇಶದಲ್ಲಿ ಇಂತಹ ಮೊದಲ ಸಂಸ್ಥೆ 2000ದಲ್ಲಿ ಆರಂಭವಾಯಿತು. ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳೇ ಸಿಬಿಲ್. ಈಗ ಟ್ರಾನ್ಸ್‌ಯೂನಿಯನ್ ಸಿಬಿಲ್, ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್ ಮತ್ತು ಸಿಆರ್‌ಐಎಫ್ ಹೈ ಮಾರ್ಕ್ ಎಂಬ ನಾಲ್ಕು ಸಂಸ್ಥೆಗಳು ರಿಸರ್ವ್ ಬ್ಯಾಂಕಿನ ಅನುಮತಿಯೊಂದಿಗೆ ಕೆಲಸ ಮಾಡುತ್ತಿವೆ. ಆದರೂ ಹಳ್ಳಿಯಲ್ಲಿ ಎಲ್ಲಕ್ಕೂ ಸಿಬಿಲ್ ಎಂದೇ ಹೆಸರು.

ವರದಿಯ ಜೊತೆಗೆ 300ರಿಂದ 900ರವರೆಗಿನ ಒಂದು ಅಂಕವನ್ನೂ ಕೊಡಲಾಗುತ್ತದೆ. ಅಂಕ ಹೆಚ್ಚಿದ್ದಷ್ಟೂ ಸಾಲಗಾರನ ಮೇಲೆ ನಂಬಿಕೆ ಹೆಚ್ಚು. ನಾಲ್ಕೂ ಸಂಸ್ಥೆಗಳ ಲೆಕ್ಕಾಚಾರ ಬೇರೆ ಬೇರೆಯಾದ್ದರಿಂದ ಅಂಕಗಳೂ ಒಂದೇ ಆಗಿರಬೇಕಿಲ್ಲ. ಇಷ್ಟು ಅಂಕ ಇರಲೇಬೇಕೆಂದು ರಿಸರ್ವ್ ಬ್ಯಾಂಕು ಗೊತ್ತುಮಾಡಿಲ್ಲ. ಅದು ಆಯಾ ಬ್ಯಾಂಕಿನ ತೀರ್ಮಾನ. ಜನರು ಅಂಕವನ್ನೇ ದೊಡ್ಡದು ಮಾಡಿಕೊಂಡು ಚಿಂತಿಸುವುದುಂಟು. ಆದರೆ ಅಂಕವು ವರದಿಯಲ್ಲಿರುವ ನಮೂದುಗಳಿಂದ ಹುಟ್ಟಿದ್ದು. ನೋಡಬೇಕಾದದ್ದು ನಮೂದುಗಳನ್ನು.

ಇನ್ನೊಂದು ಮುಖ್ಯ ಸಂಗತಿ. ಸಾಲ ಮಾಹಿತಿ ಸಂಸ್ಥೆಯವರು ತಾವಾಗಿ ಏನನ್ನೂ ಬರೆಯುವುದಿಲ್ಲ. ಸಾಲ ಕೊಟ್ಟ ಬ್ಯಾಂಕು, ಹಣಕಾಸು ಕಂಪನಿ, ಕಿರು ಸಾಲ ಸಂಸ್ಥೆಗಳು ಕಳುಹಿಸಿದ್ದನ್ನೇ ಬರೆದುಕೊಳ್ಳುತ್ತಾರೆ. ಮೊದಲು ತಿಂಗಳಿಗೊಮ್ಮೆ ಕಳುಹಿಸುತ್ತಿದ್ದ ಈ ಮಾಹಿತಿಯನ್ನು 2025ರ ಜನವರಿಯಿಂದ ಕನಿಷ್ಠ ಹದಿನೈದು ದಿನಕ್ಕೊಮ್ಮೆ ಕಳುಹಿಸಬೇಕೆಂದು ರಿಸರ್ವ್ ಬ್ಯಾಂಕು ವಿಧಿಸಿತು. ಸಾಲ ಕೊಟ್ಟ ಶಾಖೆಯ ಲೆಕ್ಕದಲ್ಲಿ ತಪ್ಪಿದ್ದರೆ ವರದಿಯಲ್ಲಿಯೂ ಅದೇ ತಪ್ಪು ಕಾಣುತ್ತದೆ.

ಕಾರಣ ಕೇಳಿ ಪಡೆಯುವುದು

ಮೊದಲ ಕೆಲಸವೆಂದರೆ ಅರ್ಜಿ ಯಾಕೆ ತಿರಸ್ಕೃತವಾಯಿತು ಎಂಬುದನ್ನು ಬರಹದಲ್ಲಿ ಕೇಳುವುದು. ಎಲ್ಲ ನಿರಾಕರಣೆಗೂ ಸಾಲ ವರದಿಯೇ ಕಾರಣವಾಗಿರುವುದಿಲ್ಲ. ಪಹಣಿ ಇನ್ನೂ ತೀರಿಹೋದ ತಂದೆಯ ಹೆಸರಿನಲ್ಲಿರಬಹುದು, ಪೌತಿ ಖಾತೆ ಆಗದಿರಬಹುದು, ಫ್ರೂಟ್ಸ್ ಗುರುತಿನ ಸಂಖ್ಯೆಗೆ ಎಲ್ಲ ಸರ್ವೆ ನಂಬರುಗಳು ಸೇರದಿರಬಹುದು, ಪಹಣಿಯ 11ನೇ ಕಾಲಂನಲ್ಲಿ ಹಳೆಯ ಸಾಲದ ಋಣ ಹಾಗೇ ಉಳಿದಿರಬಹುದು. ಇವು ನಾಡಕಚೇರಿ, ತಾಲ್ಲೂಕು ಕಚೇರಿಗಳಲ್ಲಿ ಸರಿಪಡಿಸಬೇಕಾದ ವಿಷಯಗಳು. ಸಾಲ ವರದಿಗೂ ಇವಕ್ಕೂ ಸಂಬಂಧವಿಲ್ಲ. ಕಾರಣ ತಿಳಿಯದೆ ತಿಂಗಳುಗಟ್ಟಲೆ ತಪ್ಪು ಬಾಗಿಲಿಗೆ ಅಲೆದವರು ಕಡಿಮೆಯೇನಿಲ್ಲ.

ಸಾಲ ವರದಿಯೇ ಕಾರಣವೆಂದು ಬ್ಯಾಂಕಿನವರು ಹೇಳಿದರೆ, ಅವರು ನೋಡಿದ ವರದಿಯ ಪ್ರತಿಯನ್ನು ಕೇಳಬೇಕು. ಸಾಲ ಮಾಹಿತಿ ಸಂಸ್ಥೆಗಳ ನಿಯಂತ್ರಣ ಕಾಯಿದೆ, 2005ರ 21ನೇ ಕಲಮಿನಂತೆ ಸಾಲಕ್ಕೆ ಅರ್ಜಿ ಹಾಕಿದ ಯಾರೇ ಆದರೂ ತಮ್ಮ ಬಗ್ಗೆ ಬ್ಯಾಂಕು ಪಡೆದ ಮಾಹಿತಿಯ ಪ್ರತಿಯನ್ನು ಕೇಳಬಹುದು. ಯಾವ ಸಂಸ್ಥೆಯ ವರದಿ ಎಂಬುದನ್ನೂ ಬರೆದುಕೊಳ್ಳಬೇಕು. ನಾಲ್ಕರಲ್ಲಿ ಒಂದರಲ್ಲಿ ಮಾತ್ರ ತಪ್ಪಿರುವುದೂ ಉಂಟು.

ಇದುವರೆಗೆ ಎಲ್ಲಿಯೂ ಸಾಲವನ್ನೇ ಪಡೆಯದ ರೈತನ ವಿಷಯ ಬೇರೆ. ಅವನಿಗೆ ಅಂಕವೇ ಇರುವುದಿಲ್ಲ. ಸಾಲದ ಪೂರ್ವ ಚರಿತ್ರೆ ಇಲ್ಲವೆಂಬ ಒಂದೇ ಕಾರಣಕ್ಕೆ ಮೊದಲ ಬಾರಿಯ ಅರ್ಜಿದಾರರನ್ನು ತಿರಸ್ಕರಿಸಬಾರದೆಂದು ರಿಸರ್ವ್ ಬ್ಯಾಂಕು 2025ರ ಜನವರಿಯ ನಿರ್ದೇಶನದಲ್ಲಿ ಬ್ಯಾಂಕುಗಳಿಗೆ ಸೂಚಿಸಿದೆ. ಇಂತಹವರು ಈ ಸೂಚನೆಯನ್ನು ಶಾಖಾ ವ್ಯವಸ್ಥಾಪಕರ ಗಮನಕ್ಕೆ ತಂದು, ಅರ್ಜಿಯನ್ನು ಪುನಃ ಪರಿಶೀಲಿಸುವಂತೆ ಕೋರಬೇಕು.

ವರದಿಯನ್ನು ತರಿಸುವುದು

ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಅಂಕ ಸಹಿತ ಉಚಿತವಾಗಿ ಕೊಡಬೇಕೆಂಬ ನಿಯಮ 2017ರ ಜನವರಿಯಿಂದ ಜಾರಿಯಲ್ಲಿದೆ. ಆಯಾ ಸಂಸ್ಥೆಯ ಅಂತರಜಾಲ ತಾಣದಲ್ಲಿ ಹೆಸರು, ಜನ್ಮ ದಿನಾಂಕ, ಪ್ಯಾನ್ ಅಥವಾ ಬೇರೆ ಗುರುತಿನ ಚೀಟಿಯ ಸಂಖ್ಯೆ, ಮೊಬೈಲ್ ಸಂಖ್ಯೆ ಕೊಟ್ಟು ಪಡೆಯಬಹುದು. ಮನೆಯಲ್ಲಿ ಓದಿದ ಮಕ್ಕಳಿದ್ದರೆ ಇದು ಅರ್ಧ ಗಂಟೆಯ ಕೆಲಸ. ಉಚಿತ ವರದಿ ಇರುವ ಪುಟವನ್ನೇ ಹುಡುಕಬೇಕು. ಅದೇ ತಾಣದಲ್ಲಿ ತಿಂಗಳ ಚಂದಾ ಕೇಳುವ ಪುಟಗಳೂ ಇರುತ್ತವೆ. ಮೊಬೈಲಿಗೆ ಬರುವ ಗುಪ್ತ ಸಂಖ್ಯೆಯನ್ನು ಅಪರಿಚಿತರಿಗೆ ಹೇಳಬಾರದು. ಬ್ಯಾಂಕಿಗೆ ಕೊಟ್ಟ ಹಳೆಯ ಮೊಬೈಲ್ ಸಂಖ್ಯೆ ಈಗ ಬಳಕೆಯಲ್ಲಿಲ್ಲದಿದ್ದರೆ ಮೊದಲು ಬ್ಯಾಂಕಿನಲ್ಲಿ ಹೊಸ ಸಂಖ್ಯೆಯನ್ನು ಬರೆಸಬೇಕಾಗುತ್ತದೆ.

ತಾನೇ ತನ್ನ ವರದಿ ನೋಡಿದರೆ ಅಂಕ ಕಡಿಮೆಯಾಗುತ್ತದೆ ಎಂಬ ಮಾತು ಹಳ್ಳಿಗಳಲ್ಲಿದೆ. ಇದು ನಿಜವಲ್ಲ. ಒಂದು ಬ್ಯಾಂಕು ಇಲ್ಲವೆಂದಿತೆಂದು ಅದೇ ವಾರದಲ್ಲಿ ಇನ್ನೂ ಮೂರು ಕಡೆ ಅರ್ಜಿ ಹಾಕಿದರೆ ಮಾತ್ರ ಪ್ರತಿಯೊಂದು ವಿಚಾರಣೆಯೂ ವರದಿಯಲ್ಲಿ ದಾಖಲಾಗಿ, ಹಣಕ್ಕೆ ಪರದಾಡುತ್ತಿರುವವನಂತೆ ಕಾಣಿಸಿ ಅಂಕಕ್ಕೆ ಪೆಟ್ಟು ಬೀಳುತ್ತದೆ. ಆದುದರಿಂದ ಮೊದಲ ನಿರಾಕರಣೆಯ ನಂತರ ನಿಂತು ವರದಿ ನೋಡಿ, ಆಮೇಲೆ ಮುಂದಿನ ಅರ್ಜಿ ಹಾಕುವುದು ಲೇಸು.

ವರದಿಯನ್ನು ಓದುವ ಬಗೆ

ವರದಿ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ಕೆಲವು ಪದಗಳನ್ನು ಗುರುತು ಹಿಡಿದರೆ ಸಾಕು, ಉಳಿದದ್ದನ್ನು ಓದಬಲ್ಲವರಿಂದ ತಿಳಿಯಬಹುದು.

ಮೊದಲಿಗೆ ಹೆಸರು, ಜನ್ಮ ದಿನಾಂಕ, ವಿಳಾಸ, ಗುರುತಿನ ಸಂಖ್ಯೆಗಳನ್ನು ನೋಡಬೇಕು. ನಮ್ಮ ಸೀಮೆಯಲ್ಲಿ ಈ ಭಾಗವೇ ಹೆಚ್ಚು ತೊಡಕಿನದು. ಒಂದೇ ಹೋಬಳಿಯಲ್ಲಿ ನರಸಿಂಹಯ್ಯ, ರಂಗಪ್ಪ, ಲಕ್ಷ್ಮಮ್ಮ ಎಂಬ ಹೆಸರಿನವರು ಹತ್ತಾರು ಮಂದಿ. ಪಹಣಿಯಲ್ಲಿ ‘ಬಿನ್’ ಅಥವಾ ‘ಕೋಂ’ ಎಂದು ತಂದೆ, ಗಂಡಂದಿರ ಹೆಸರು ಸೇರಿ ಗುರುತು ಸ್ಪಷ್ಟವಾಗುತ್ತದೆ. ಬ್ಯಾಂಕಿನ ಗಣಕಯಂತ್ರದಲ್ಲಿ ಆ ಭಾಗ ಬಿಟ್ಟುಹೋಗಿ ಬರಿಯ ಹೆಸರು ಉಳಿದಿರಬಹುದು. ಹಿರಿಯರಲ್ಲಿ ಹಲವರ ಜನ್ಮ ದಿನಾಂಕ ಅಂದಾಜಿನ ಮೇಲೆ ಜನವರಿ 1 ಎಂದೋ ಜೂನ್ 1 ಎಂದೋ ಬರೆದದ್ದು. ಊರು ಒಂದೇ, ಪಿನ್‌ಕೋಡ್ ಒಂದೇ. ಹಳೆಯ ಸಾಲಗಳಿಗೆ ಪ್ಯಾನ್ ಸಂಖ್ಯೆಯೂ ಇಲ್ಲ. ಇಷ್ಟೆಲ್ಲ ಹೊಂದಿಕೊಂಡಾಗ ಒಬ್ಬ ನರಸಿಂಹಯ್ಯನ ಸುಸ್ತಿ ಇನ್ನೊಬ್ಬ ನರಸಿಂಹಯ್ಯನ ವರದಿಗೆ ಸೇರಿಕೊಳ್ಳುವುದು ಆಶ್ಚರ್ಯದ ವಿಷಯವಲ್ಲ. ತಾನು ಎಂದೂ ಕಾಲಿಡದ ಶಾಖೆಯ ಸಾಲ, ತನ್ನಲ್ಲಿಲ್ಲದ ದ್ವಿಚಕ್ರ ವಾಹನದ ಸಾಲ ವರದಿಯಲ್ಲಿ ಕಂಡರೆ ಇಂತಹ ಬೆರಕೆಯನ್ನೋ, ತನ್ನ ಗುರುತಿನ ಚೀಟಿಯನ್ನು ಬೇರೆಯವರು ಬಳಸಿರುವುದನ್ನೋ ಶಂಕಿಸಬೇಕು.

ಆದರೆ ಬ್ಯಾಂಕಿನ ಹೆಸರು ಹೊಸದಾಗಿ ಕಂಡ ಮಾತ್ರಕ್ಕೆ ಸಾಲ ತನ್ನದಲ್ಲವೆಂದು ಹೇಳಲಾಗದು. ಕಳೆದ ಕೆಲವು ವರ್ಷಗಳಲ್ಲಿ ಬ್ಯಾಂಕುಗಳ ಹೆಸರೇ ಬದಲಾಗಿವೆ. ತುಮಕೂರಿನ ಕಲ್ಪತರು ಗ್ರಾಮೀಣ ಬ್ಯಾಂಕು ಕಾವೇರಿ ಕಲ್ಪತರುವಾಗಿ, 2012ರಲ್ಲಿ ಕಾವೇರಿ ಗ್ರಾಮೀಣ ಬ್ಯಾಂಕಾಗಿ, 2019ರಲ್ಲಿ ಪ್ರಗತಿ ಕೃಷ್ಣ ಗ್ರಾಮೀಣ ಬ್ಯಾಂಕಿನೊಡನೆ ಸೇರಿ ಕರ್ನಾಟಕ ಗ್ರಾಮೀಣ ಬ್ಯಾಂಕಾಯಿತು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿಯೂ, ವಿಜಯ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡದಲ್ಲಿಯೂ, ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿಯೂ, ಕಾರ್ಪೊರೇಷನ್ ಬ್ಯಾಂಕು ಅದೇ ವರ್ಷ ಯೂನಿಯನ್ ಬ್ಯಾಂಕಿನಲ್ಲಿಯೂ ವಿಲೀನವಾದವು. ಹಳೆಯ ಪಾಸ್‌ಪುಸ್ತಕವನ್ನು ತೆಗೆದು ಸಾಲದ ತಾರೀಖು ಮತ್ತು ಮೊಬಲಗನ್ನು ತಾಳೆ ನೋಡಬೇಕು. ಒಂದೇ ಸಾಲ ಹಳೆಯ ಹೆಸರಿನಲ್ಲೊಮ್ಮೆ ಹೊಸ ಹೆಸರಿನಲ್ಲೊಮ್ಮೆ, ಎರಡು ಸಲ ಬಂದಿದೆಯೇ ಎಂಬುದನ್ನೂ ನೋಡಬೇಕು.

ಮುಂದೆ ಪ್ರತಿಯೊಂದು ಸಾಲದ ಸ್ಥಿತಿ. ಪೂರ್ತಿ ತೀರಿದ ಸಾಲದ ಎದುರು ‘ಕ್ಲೋಸ್ಡ್’ ಎಂದಿರಬೇಕು. ‘ಸೆಟಲ್ಡ್’ ಎಂದಿದ್ದರೆ ಬ್ಯಾಂಕು ಸ್ವಲ್ಪ ಬಿಟ್ಟುಕೊಟ್ಟು ರಾಜಿಯಲ್ಲಿ ಮುಗಿಸಿದೆ ಎಂದರ್ಥ. ಜನರ ಬಾಯಲ್ಲಿ ಓಟಿಎಸ್ ಎನ್ನುವ ಒಂದೇ ಬಾರಿಯ ತೀರುವಳಿಯಲ್ಲಿ ಹಣ ಕಟ್ಟಿದವರು “ಸಾಲ ಹರಿಯಿತು” ಎಂದು ನೆಮ್ಮದಿಯಿಂದಿರುತ್ತಾರೆ. ವರದಿಯಲ್ಲಿ ಮಾತ್ರ ಅದು ಪೂರ್ತಿ ಕಟ್ಟಿದ ಸಾಲಕ್ಕೆ ಸಮನಲ್ಲ. ‘ರಿಟನ್ ಆಫ್’ ಎಂಬುದು ಇನ್ನೂ ಗಂಭೀರ. ವಸೂಲಾಗದ ಸಾಲವನ್ನು ಬ್ಯಾಂಕು ತನ್ನ ಲೆಕ್ಕಪತ್ರದಿಂದ ತೆಗೆದುಹಾಕಿದೆ ಎಂದಷ್ಟೇ ಇದರ ಅರ್ಥ. ಇದನ್ನು ಸಾಲಮನ್ನಾ ಎಂದು ತಿಳಿಯುವುದು ದೊಡ್ಡ ತಪ್ಪು. ಸಾಲಗಾರನ ಹೊಣೆ ಹಾಗೆಯೇ ಉಳಿದಿರುತ್ತದೆ.

ಸಾಲಮನ್ನಾದ ಮಾತು ಬಂದದ್ದರಿಂದ ಅದನ್ನು ಸ್ವಲ್ಪ ವಿವರಿಸಬೇಕು. ಕೇಂದ್ರ ಸರ್ಕಾರದ 2008ರ ಸಾಲಮನ್ನಾ, ರಾಜ್ಯದಲ್ಲಿ ಸಹಕಾರ ಸಂಘಗಳ ಸಾಲಕ್ಕೆ 50,000 ರೂಪಾಯಿವರೆಗೆ 2017ರಲ್ಲಿ ಆದ ಮನ್ನಾ, 2018ರ ಜುಲೈ ಆಯವ್ಯಯದಲ್ಲಿ ಘೋಷಿಸಿದ ಮನ್ನಾ, ಇವುಗಳ ಫಲ ಪಡೆದ ಕುಟುಂಬಗಳು ತಾಲ್ಲೂಕಿನಲ್ಲಿ ಸಾಕಷ್ಟಿವೆ. 2018ರ ಯೋಜನೆಯಲ್ಲಿ ವಾಣಿಜ್ಯ ಬ್ಯಾಂಕುಗಳ ಸಾಲಕ್ಕೆ ಕುಟುಂಬವೊಂದಕ್ಕೆ 2 ಲಕ್ಷದ ಮಿತಿಯಿತ್ತು. ಅದಕ್ಕೆ ಮೇಲ್ಪಟ್ಟ ಬಾಕಿ ರೈತನದೇ. ಸರ್ಕಾರದ ಹಣವೂ ಒಂದೇ ದಿನ ಬರಲಿಲ್ಲ. ಹೀಗಾಗಿ ಪಟ್ಟಿಯಲ್ಲಿ ಹೆಸರು ಬಂದಿದ್ದರೂ ಸಾಲದ ಖಾತೆಯಲ್ಲಿ ಮಿತಿ ಮೀರಿದ ಅಸಲೋ, ನಡುವಿನ ಅವಧಿಯ ಬಡ್ಡಿಯೋ ಸ್ವಲ್ಪ ಉಳಿದುಬಿಟ್ಟಿರುವ ಸಾಧ್ಯತೆ ಇದೆ. ಕೆಲವೇ ನೂರು ರೂಪಾಯಿ ಬಾಕಿಯ ಖಾತೆಯೂ ಮುಚ್ಚಿದ ಖಾತೆಯಲ್ಲ. ವರ್ಷಗಟ್ಟಲೆ ಸುಸ್ತಿಯೆಂದೇ ವರದಿಯಾಗುತ್ತ ಬರುತ್ತದೆ. ಮನ್ನಾ ಪಡೆದ ಪ್ರತಿಯೊಬ್ಬರೂ ಆ ಶಾಖೆಗೆ ಒಮ್ಮೆ ಹೋಗಿ, ಖಾತೆ ಮುಚ್ಚಿದೆಯೇ ಎಂದು ಕೇಳಿ, ಬೇಬಾಕಿ ಪತ್ರವನ್ನು ಬರಹದಲ್ಲಿ ಪಡೆದಿಟ್ಟುಕೊಳ್ಳುವುದು ಅಗತ್ಯ. ಪಹಣಿಯ 11ನೇ ಕಾಲಂ ಖಾಲಿಯಾದರೆ ವರದಿಯೂ ತಾನಾಗಿ ಸರಿಹೋಗುವುದಿಲ್ಲ, ವರದಿ ಸರಿಹೋದರೆ ಪಹಣಿಯೂ ಸರಿಹೋಗುವುದಿಲ್ಲ. ಎರಡನ್ನೂ ಬೇರೆ ಬೇರೆಯಾಗಿಯೇ ನೋಡಿಕೊಳ್ಳಬೇಕು.

ಪ್ರತಿ ಸಾಲದ ಕೆಳಗೆ ತಿಂಗಳುವಾರು ಸಣ್ಣ ಚೌಕಗಳ ಸಾಲು ಇರುತ್ತದೆ. ಸಿಬಿಲ್ ವರದಿಯಲ್ಲಿ ಇದು 36 ತಿಂಗಳವರೆಗಿನದು. ‘000’ ಎಂದಿದ್ದರೆ ಆ ತಿಂಗಳು ಬಾಕಿ ಇಲ್ಲ. ‘090’ ಎಂದಿದ್ದರೆ ವಾಯಿದೆ ಮೀರಿ 90 ದಿನ ಎಂದರ್ಥ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದ 2023ರಂತಹ ವರ್ಷದಲ್ಲಿ ವಾಯಿದೆ ತಪ್ಪಿದ್ದಕ್ಕೆ ರೈತನನ್ನು ದೂರುವಂತಿಲ್ಲ. ಬೆಳೆ ನಷ್ಟ ಶೇ. 33ಕ್ಕೆ ಮೀರಿದ ಕಡೆ ಬೆಳೆ ಸಾಲವನ್ನು ದೀರ್ಘ ವಾಯಿದೆಗೆ ಮಾರ್ಪಡಿಸಿಕೊಡಲು ಬ್ಯಾಂಕುಗಳಿಗೆ ಅವಕಾಶವಿದ್ದು, ಹಾಗೆ ಮಾರ್ಪಡಿಸಿದ ಸಾಲವನ್ನು ಸುಸ್ತಿಯೆಂದು ತೋರಿಸಬಾರದು. ಮಾರ್ಪಾಡಿನ ಪತ್ರಕ್ಕೆ ರುಜು ಹಾಕಿದ್ದೂ ಸುಸ್ತಿಯೆಂದು ಬಂದಿದ್ದರೆ ಅದು ತಿದ್ದಿಸಬೇಕಾದ ತಪ್ಪು.

ಜಾಮೀನು ಸಾಲಗಳನ್ನು ಕೊನೆಗೆ ನೋಡುವ ಬದಲು ಮೊದಲೇ ನೋಡಿದರೂ ಅಡ್ಡಿಯಿಲ್ಲ. ಹಳ್ಳಿಯಲ್ಲಿ ಜಾಮೀನು ಎಂಬುದು ದಾಕ್ಷಿಣ್ಯದ ಮಾತು. ಭಾವಮೈದ ಟ್ರಾಕ್ಟರ್ ತೆಗೆದುಕೊಳ್ಳುವಾಗ ಒಂದು ರುಜು, ಪಕ್ಕದ ಹೊಲದವನು ಕೊಳವೆ ಬಾವಿ ಕೊರೆಸುವಾಗ ಒಂದು ಹೆಬ್ಬೆಟ್ಟು. ಕೊಟ್ಟವನು ಮರೆತಿರುತ್ತಾನೆ, ವರದಿ ಮರೆಯುವುದಿಲ್ಲ. ‘ಗ್ಯಾರಂಟರ್’ ಎಂಬ ಪದದ ಎದುರು ಆ ಸಾಲ ಇವನ ವರದಿಯಲ್ಲಿಯೂ ಬರುತ್ತದೆ, ಅವನ ಸುಸ್ತಿ ಇವನ ಕಾರ್ಡಿಗೆ ಅಡ್ಡ ಬರುತ್ತದೆ. ಕಂತಿನ ಲೆಕ್ಕ ಕೇಳಿದರೆ ನೆಂಟಸ್ತನ ಕೆಡುತ್ತದೆಂದು ಸುಮ್ಮನಿರುವವರೇ ಹೆಚ್ಚು. ಆದರೆ ರುಜು ಹಾಕಿದವನಿಗೆ ವರ್ಷಕ್ಕೊಮ್ಮೆ ಕೇಳುವ ಹಕ್ಕಿದೆ ಎಂಬುದನ್ನು ಸಾಲಗಾರನೂ ಒಪ್ಪಬೇಕು. ಇದೇ ರೀತಿ ಮನೆಯ ಹೆಣ್ಣುಮಕ್ಕಳು ಕಿರು ಸಾಲ ಸಂಸ್ಥೆಗಳಿಂದ ವಾರದ ಕಂತಿನ ಮೇಲೆ ಪಡೆದ ಸಾಲಗಳು ಅವರವರ ವರದಿಯಲ್ಲಿ ಬರುತ್ತವೆ. ಜಮೀನು ಹೆಂಡತಿಯ ಹೆಸರಿನಲ್ಲಿದ್ದು ಕಾರ್ಡಿಗೆ ಅವರೇ ಅರ್ಜಿದಾರರಾದರೆ ಅವರ ವರದಿಯನ್ನೇ ನೋಡಬೇಕಾಗುತ್ತದೆ.

ತಪ್ಪನ್ನು ತಿದ್ದಿಸುವ ಕ್ರಮ

ತಪ್ಪು ಕಂಡ ನಮೂದಿನ ಬಗ್ಗೆ ಎರಡು ಕಡೆ ದೂರು ಕೊಡುವುದು ಒಳ್ಳೆಯದು. ಸಾಲ ಮಾಹಿತಿ ಸಂಸ್ಥೆಯ ತಾಣದಲ್ಲಿ ಉಚಿತವಾಗಿ ತಕರಾರು ಸಲ್ಲಿಸಬಹುದು. ಅದರೊಡನೆ, ಆ ಸಾಲ ಕೊಟ್ಟ ಶಾಖೆಗೂ ಬರಹದಲ್ಲಿ ಅರ್ಜಿ ಕೊಟ್ಟು, ಮೊಹರು ಮತ್ತು ತಾರೀಖು ಹಾಕಿಸಿದ ಪ್ರತಿಯನ್ನು ಇಟ್ಟುಕೊಳ್ಳಬೇಕು. ಬೇಬಾಕಿ ಪತ್ರ, ಹಣ ಕಟ್ಟಿದ ರಸೀದಿ, ಪಾಸ್‌ಪುಸ್ತಕದ ಪುಟ, ಗುರುತಿನ ಚೀಟಿ ಇವುಗಳ ನಕಲು ಸಾಕು. ಮೂಲ ಪ್ರತಿಯನ್ನು ಯಾರಿಗೂ ಕೊಡಬಾರದು. ಸಾಲ ಕೊಟ್ಟ ಬ್ಯಾಂಕು ಒಪ್ಪದೆ ಸಾಲ ಮಾಹಿತಿ ಸಂಸ್ಥೆ ತಾನಾಗಿ ನಮೂದನ್ನು ಬದಲಾಯಿಸುವುದಿಲ್ಲ. ಆದುದರಿಂದ ಶಾಖೆಯ ಅರ್ಜಿಯೇ ಮುಖ್ಯ.

ದೂರು ಕೊಟ್ಟ 30 ದಿನಗಳೊಳಗೆ ಇತ್ಯರ್ಥವಾಗಬೇಕು. ಈ ಪೈಕಿ ಬ್ಯಾಂಕು ತನ್ನ ಉತ್ತರವನ್ನು 21 ದಿನಗಳೊಳಗೆ ಕಳುಹಿಸಬೇಕು. ಅವಧಿ ಮೀರಿದರೆ ದಿನವೊಂದಕ್ಕೆ 100 ರೂಪಾಯಿಯಂತೆ ದೂರುದಾರನಿಗೆ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕು 2023ರ ಅಕ್ಟೋಬರಿನಲ್ಲಿ ಆದೇಶಿಸಿ, 2024ರ ಏಪ್ರಿಲ್‌ನಿಂದ ಅದು ಜಾರಿಗೆ ಬಂದಿದೆ. ಉದಾಹರಣೆಗೆ 45ನೇ ದಿನ ಇತ್ಯರ್ಥವಾದ ದೂರಿಗೆ 15 ದಿನಗಳ 1,500 ರೂಪಾಯಿ ಸಲ್ಲಬೇಕು. ಮೊಬಲಗು ದೊಡ್ಡದಲ್ಲದಿದ್ದರೂ ಕಡತವನ್ನು ಅಲ್ಲಾಡಿಸುವ ಶಕ್ತಿ ಇದಕ್ಕಿದೆ. 30 ದಿನ ಕಳೆದರೂ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಅವರಿಗೆ ಶುಲ್ಕವಿಲ್ಲದೆ ದೂರಬಹುದು. ವಿವರಗಳನ್ನು 14448 ಸಂಖ್ಯೆಗೆ ದೂರವಾಣಿ ಮಾಡಿ ತಿಳಿಯಬಹುದು.

ಇಷ್ಟು ಕೆಲಸಕ್ಕೆ ಐದು ಸಾವಿರ, ಹತ್ತು ಸಾವಿರ ಕೇಳಿ “ಸಿಬಿಲ್ ಕ್ಲಿಯರ್ ಮಾಡಿಸಿಕೊಡುತ್ತೇವೆ” ಎನ್ನುವ ಮಧ್ಯವರ್ತಿಗಳು ಹುಟ್ಟಿಕೊಂಡಿದ್ದಾರೆ. ನಿಜವಾದ ಸುಸ್ತಿಯನ್ನು ಅಳಿಸುವ ಶಕ್ತಿ ಅವರಿಗಿಲ್ಲ. ಸುಳ್ಳು ನಮೂದನ್ನು ತಿದ್ದಿಸಲು ಅವರು ಬೇಕಿಲ್ಲ.

ನಮೂದು ನಿಜವಾಗಿದ್ದರೆ

ವರದಿ ಹೇಳುವುದು ನಿಜವೇ ಆಗಿದ್ದರೆ ದಾರಿ ಉದ್ದವಾದರೂ ಮುಚ್ಚಿಲ್ಲ. ಚಿಕ್ಕ ಬಾಕಿಗಳನ್ನು ಮೊದಲು ತೀರಿಸಿ ಖಾತೆಗಳನ್ನು ಮುಚ್ಚಿಸಬೇಕು. ‘ಸೆಟಲ್ಡ್’ ಎಂದಿರುವ ಸಾಲಕ್ಕೆ, ಬಿಟ್ಟುಕೊಟ್ಟಿದ್ದ ಹಣವನ್ನು ಕಟ್ಟಿದರೆ ‘ಕ್ಲೋಸ್ಡ್’ ಎಂದು ಬದಲಾಯಿಸುವಿರಾ ಎಂದು ಬ್ಯಾಂಕನ್ನು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆದ ಮೇಲೆಯೇ ಹಣ ಕಟ್ಟಬೇಕು. ಹಳೆಯ ಸುಸ್ತಿಯ ಗುರುತು ಕೂಡಲೆ ಅಳಿಯುವುದಿಲ್ಲ, ಸಾಲ ಮಾಹಿತಿಯನ್ನು ಕನಿಷ್ಠ 7 ವರ್ಷ ಇಡಬೇಕೆಂಬ ನಿಯಮವಿದೆ. ಆದರೆ ಅದರ ಮೇಲೆ ಸರಿಯಾಗಿ ಕಟ್ಟಿದ ಹೊಸ ತಿಂಗಳುಗಳು ಕೂಡುತ್ತ ಹೋದಂತೆ ಅಂಕ ಏರುತ್ತದೆ. ಅಷ್ಟರವರೆಗೆ, ಊರಿನ ವ್ಯವಸಾಯ ಸೇವಾ ಸಹಕಾರ ಸಂಘದಲ್ಲಿ ಷೇರುದಾರರಾಗಿ ಸುಸ್ತಿ ಇಲ್ಲದಿರುವವರು ರಾಜ್ಯ ಸರ್ಕಾರದ ಶೂನ್ಯ ಬಡ್ಡಿಯ ಬೆಳೆ ಸಾಲಕ್ಕೆ ಸಂಘದ ಕಾರ್ಯದರ್ಶಿಯನ್ನು ವಿಚಾರಿಸಬಹುದು. ಕಾರ್ಡ್ ಈಗಾಗಲೇ ಇರುವವರು ವರ್ಷಕ್ಕೊಮ್ಮೆ ಅಸಲು, ಬಡ್ಡಿ ಕಟ್ಟಿ ತಿರುವಳಿ ಮಾಡಿಸುವುದನ್ನು ತಪ್ಪಿಸಬಾರದು. ಬಡ್ಡಿ ರಿಯಾಯಿತಿಯೂ ಅದರ ಮೇಲೆಯೇ ನಿಂತಿದೆ.

ದೂರಿಗೆ 30 ದಿನ, ತಿದ್ದಿದ ಮಾಹಿತಿ ವರದಿಗೆ ಇಳಿಯಲು ಹದಿನೈದು ದಿನ, ಹೊಸ ಅರ್ಜಿಯ ಪರಿಶೀಲನೆಗೆ ಮತ್ತೆ ಎರಡು ಮೂರು ವಾರ ಎಂದು ಲೆಕ್ಕ ಹಿಡಿದರೆ ಒಟ್ಟು ಎರಡರಿಂದ ಎರಡೂವರೆ ತಿಂಗಳು ಬೇಕು. ಜೂನ್ ಕೊನೆಗೆ ಕಡಲೆಕಾಯಿ ಬಿತ್ತುವವರು ಸಾಲ ವರದಿಯನ್ನು ಯುಗಾದಿಯ ಆಸುಪಾಸಿನಲ್ಲಿಯೇ, ರಾಗಿ ಕಣದ ಕೆಲಸ ಮುಗಿದು ಬಿಡುವಿರುವಾಗ, ತರಿಸಿ ನೋಡಿಕೊಳ್ಳತಕ್ಕದ್ದು.